ಒದ್ದೆ ಬೆಂಚು

ಕಂಡಕ್ಟರ್ ಬದುಕಿದ್ದ ಕೊನೆಯ ದಿನವೂ ಅವನ ಹೆಂಡತಿ ಬೆಂಚಿಗೆ ನೀರು ಸುರಿದಳು.

ಅದು ದಿನವೂ ನಡೆಯುವ ಕದನ. ಅವರ ಮನೆ ಕಿಟಕಿಯ ಕೆಳಗೆ, ಬೀದಿಗೆ ಮುಖ ಮಾಡಿ, ಒಂದು ಕಲ್ಲು ಬೆಂಚು. ಯಾವ ಪುಣ್ಯಾತ್ಮ ಹಾಕಿಸಿದನೋ ಗೊತ್ತಿಲ್ಲ. ಬೆಳಗಾದರೆ ಅದರ ಒಂದು ಮೂಲೆಯಲ್ಲಿ ಕಂಡಕ್ಟರ್, ಪಕ್ಕಕ್ಕೆ ಟೈಲರ್, ಆಚೆಗೆ ಡ್ರಾಯಿಂಗ್ ಮೇಷ್ಟ್ರು. ಕಂಡಕ್ಟರ್ ಬಸ್ಸು ಬಿಟ್ಟು ವರ್ಷಗಳಾಗಿದ್ದವು. ಬಸ್ಸು ಅವನನ್ನು ಬಿಟ್ಟಿರಲಿಲ್ಲ. ಮೂವರು ಕೂರುವ ಜಾಗಕ್ಕೆ ಹಾದಿಯಲ್ಲಿ ಹೋಗುವವರನ್ನೂ ಕರೆಯುತ್ತಿದ್ದ. "ಸರ್ಕೊಳ್ಳಿ, ಸರ್ಕೊಳ್ಳಿ, ಇನ್ನೊಂದು ಸೀಟಿದೆ!"

ಒಳಗೆ ಮಲಗಿದವಳ ಕಿವಿಗೆ ಲೋಕದ ಸುದ್ದಿಯೆಲ್ಲ ಕೆಮ್ಮಿನ ಸಮೇತ ಬೀಳುತ್ತಿತ್ತು. ಹಾಗಾಗಿ ಎದ್ದವಳು ಮೊದಲು ಮಾಡುತ್ತಿದ್ದ ಕೆಲಸ, ಒಂದು ಬಕೆಟ್ ನೀರು ತಂದು ಬೆಂಚಿನ ಉದ್ದಕ್ಕೂ ಸುರಿಯುವುದು. ಒದ್ದೆ ಬೆಂಚಿನ ಮೇಲೆ ಯಾರು ಕೂರುತ್ತಾರೆ? (ಕಂಡಕ್ಟರ್ ಕೂರುತ್ತಿದ್ದ. ಹಳೆಯ ಪೇಪರ್ ಹಾಸಿಕೊಂಡು. ಏಳುವಾಗ ಮೊನ್ನೆಯ ಸುದ್ದಿ ಪ್ಯಾಂಟಿನ ಹಿಂಭಾಗದಲ್ಲಿ ಅಚ್ಚಾಗಿರುತ್ತಿತ್ತು.)

ಆ ದಿನ ಅವಳು ಬಕೆಟ್ ಹಿಡಿದು ಬಂದಾಗ ಮೂವರೂ ಆಗಲೇ ಹಾಜರು.

"ಹೋಲ್ಡಾನ್!" ಬಸ್ಸು ನಿಲ್ಲಿಸುವ ಕೂಗನ್ನೇ ಹಾಕಿದ ಕಂಡಕ್ಟರ್. "ಲೇ, ತಡಿಯೇ! ಪ್ಯಾಸೆಂಜರ್ ಇಳೀತಿದಾರೆ!"

"ಬೇಗ ಇಳೀರಿ. ಬಸ್ಸು ತೊಳೀಬೇಕು."

ಆ ಹೊತ್ತಿಗೇ ಬಂದಳು ನಕ್ಷೆ ಹುಡುಗಿ. ನಗರದ ಕಚೇರಿಯವಳು. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ, ಕೈಯಲ್ಲಿ ಪೆನ್ಸಿಲ್, ಮುಖದ ತುಂಬ ನಗು.

"ಅಮ್ಮಾ, ಈ ಬೀದಿಗೆ ಹೊಸ ರೂಪ ಕೊಡ್ತಾ ಇದೀವಿ. ಏನಿರಬೇಕು, ಏನು ಬೇಡ, ಇಲ್ಲಿರೋರೇ ಹೇಳ್ಬೇಕು. ನೀವು ಹೇಳಿದ್ದನ್ನೇ ಮಾಡ್ತೀವಿ."

(ಕಚೇರಿಯವರು ಹೀಗೆ ಅಂದರೆ ಯಾರೂ ನಂಬುವುದಿಲ್ಲ. ಈ ಹುಡುಗಿ ನಿಜವಾಗಿಯೂ ಹಾಗೇ ಮಾಡಿಬಿಡುವವಳು ಎಂದು ಯಾರಿಗೆ ಗೊತ್ತಿತ್ತು?)

"ಈ ಬೆಂಚು ತೊಲಗಿಸಿ. ಮೇಲೆ ಕೂತಿರೋರ ಸಮೇತ."

"ಬೆಂಚು ಬೇಕಾದ್ರೆ ತಗೊಂಡು ಹೋಗಮ್ಮ," ಎಂದ ಕಂಡಕ್ಟರ್. "ನಾನಂತೂ ಎಲ್ಲಿಗೂ ಹೋಗೋನಲ್ಲ."

ಬೀದಿಯೆಲ್ಲ ನಕ್ಕಿತು. ಹುಡುಗಿ ನಕ್ಷೆಯ ಮೇಲೆ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಇಬ್ಬರೂ ಉಂಡರು, ಮಲಗಿದರು. ಬೆಳಗ್ಗೆ ಅವಳು ಎದ್ದಳು. ಅವನು ಏಳಲಿಲ್ಲ. ಬಸ್ಸು ನಿಲ್ಲುವ ಮುಂಚೆ ಇಳಿಯಬೇಡಿ ಎಂದು ಜೀವಮಾನವೆಲ್ಲ ಊರಿಗೆ ಹೇಳಿದವನು ತಾನು ಮಾತ್ರ ಹೇಳದೆ ಕೇಳದೆ ಇಳಿದುಬಿಟ್ಟ.

ಬಂದ ನೆಂಟರೆಲ್ಲ ಹೊರಟುಹೋದರು. ಮಾರನೆಯ ಬೆಳಗ್ಗೆ ಕಂಡಕ್ಟರಮ್ಮ (ಬೀದಿಗೆ ಅವಳು ಅಂದೂ ಇಂದೂ ಕಂಡಕ್ಟರಮ್ಮನೇ) ಬಕೆಟ್ ತುಂಬಿಸಿದಳು, ತಂದಳು, ಬೆಂಚಿಗೆ ಸುರಿದಳು. ಸುರಿದ ಮೇಲೆ ನೆನಪಾಯಿತು, ಎದ್ದು ಓಡಲು ಯಾರೂ ಇಲ್ಲ.

ಹಾಗೆಂದು ಬಿಟ್ಟಳೇ? ಇಲ್ಲ. ಬೆಂಚಿನ ಬಾಗಿಲ ಕಡೆಯ ಮೂಲೆ ಅವನು ಕೂತು ಕೂತು ಕನ್ನಡಿಯಂತೆ ನುಣುಪಾಗಿತ್ತು. ನಾಳೆ ಆ ಜಾಗದಲ್ಲಿ ಯಾವನೋ ಕೂತರೆ? ಮೊದಲು ಗಂಡ ಕೂರದಿರಲಿ ಎಂದು ಸುರಿಯುತ್ತಿದ್ದಳು. ಈಗ ಬೇರೆ ಯಾರೂ ಕೂರದಿರಲಿ ಎಂದು. ನೀರು ಅದೇ, ಬಕೆಟ್ ಅದೇ. ಟೈಲರ್, ಮೇಷ್ಟ್ರು ಬೀದಿಯಾಚೆ ನಿಂತುಕೊಂಡೇ ನಾಲ್ಕು ಮಾತಾಡಿ ಹೋಗುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಎದುರುಮನೆ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು.

"ಅಂತೂ ನಿನ್ನ ಆಸೆ ಈಡೇರ್ತು ಕಣೇ."

"ನನಗೆ ಇನ್ಯಾವ ಆಸೆ ಅಕ್ಕಾ?"

"ಬೆಂಚು! ತೆಗೆದುಹಾಕ್ತಾರೆ. ಸಭೇಲಿ ಕೇಳಿದ್ರು. ಒಬ್ಬರೂ ಬಿಡದೆ ಕೈ ಎತ್ತಿದ್ವಿ. ಪಾಪ, ಎಷ್ಟು ವರ್ಷದಿಂದ ಹೊಡ್ಕೊಳ್ತಿದ್ದೆ ನೀನು! ಇದೊಂದಾದ್ರೂ ನಿನಗೋಸ್ಕರ ಮಾಡೋಣ ಅಂತ. ಮುಂದಿನ ಸಭೇಲಿ ಖಾಯಂ ಆಗುತ್ತಂತೆ."

ಕಂಡಕ್ಟರಮ್ಮ ಬೇಡ ಎನ್ನಲು ಬಾಯಿ ತೆರೆದಳು. ಆದರೆ ಹೇಗೆ ಹೇಳುವುದು? ಬೀದಿಗೆ ಬೀದಿಯೇ ಸಾಕ್ಷಿ ಇರುವ ಹಾಗೆ ಆ ಬೆಂಚಿಗೆ ಶಾಪ ಹಾಕಿದ ಬಾಯಿ ಅದು.

"ಒಳ್ಳೇದಾಯ್ತು ಬಿಡಕ್ಕ," ಎಂದಿತು ಬಾಯಿ.

"ಬೀದಿ ಪುನರುಜ್ಜೀವನ ಮಹಾಯೋಜನೆ ಅಂತೆ. ನಿವಾಸಿಗಳ ಸಹಭಾಗಿತ್ವ ಅಂತೆ. ಬೀದಿಗೆ ಮತ್ತೆ ಜೀವ ತುಂಬ್ತಾರಂತೆ ಕಣೇ."

ಬೀದಿ ಯಾವಾಗ ಸತ್ತಿತ್ತು? ಸತ್ತವನು ಬೇರೆ. ಅವನಿಗೆ ಜೀವ ತುಂಬುವ ಯೋಜನೆ ಯಾವ ಕಚೇರಿಯಲ್ಲೂ ಇಲ್ಲ. ಸಹಭಾಗಿತ್ವ ಎಂದರೆ ಎಲ್ಲರಿಗೂ ಒಂದೊಂದು ಭಾಗ ಇರಬೇಕು. ಎದುರುಮನೆಯ ಭಾಗಕ್ಕೆ ಬೀದಿದೀಪ, ಟೈಲರನ ಭಾಗಕ್ಕೆ ಅಂಗಡಿ ಮುಂದೆ ನೆರಳು. ತನ್ನ ಭಾಗಕ್ಕೆ ಬೆಂಚು ಕಿತ್ತ ಗುಂಡಿ. ಊಟ ಸೇರಲಿಲ್ಲ. ಹೊರಗೆ ಯಾವುದಾದರೂ ಗಾಡಿ ನಿಂತ ಸದ್ದಾದರೆ ಸಾಕು, ಬೆಂಚು ಕೀಳುವವರೇ ಬಂದರೇನೋ ಎಂದು ಕಿಟಕಿಗೆ ಓಡುತ್ತಿದ್ದಳು. ಒಮ್ಮೆ ತರಕಾರಿಯವನು. ಒಮ್ಮೆ ಕಸದ ಗಾಡಿ. ಕಸದವನಿಗೆ "ಮುಟ್ಟಿದ್ರೆ ನೋಡು!" ಎಂದು ಗದರಿಸಿದಳು. ಅವನು ಹೆದರಿ ಕಸವನ್ನೇ ಬಿಟ್ಟುಹೋದ.

ಯಾರಿಗಾದರೂ ಮೆಲ್ಲಗೆ ಹೇಳಿ ಮತ ತಿರುಗಿಸಬೇಕು. ಟೈಲರನ ಅಂಗಡಿಗೆ ಹೋದಳು. ಅವನು ಕತ್ತಿಗೆ ಟೇಪು ನೇತುಹಾಕಿಕೊಂಡು ಮೆಷಿನ್ ತುಳಿಯುತ್ತಿದ್ದ.

"ಬನ್ನಿ ಅತ್ತಿಗೆ."

"ಆ ಬೆಂಚಿನ ವಿಷಯ..."

"ನಿಶ್ಚಿಂತೆಯಾಗಿರಿ ಅತ್ತಿಗೆ! ಮೊದಲು ಕೈ ಎತ್ತಿದ್ದೇ ನಾನು. ಅಣ್ಣ ಇದ್ದಾಗ ನಿಮಗೆ ಎಷ್ಟು ಕಾಟ ಕೊಟ್ವಿ. ಆ ಪಾಪ ಹೀಗಾದ್ರೂ ತೊಳೆದುಹೋಗ್ಲಿ."

"ಅದಲ್ಲಪ್ಪ..."

"ತೊಳೆಯೋದು ಅಂದ್ರೆ ನೆನಪಾಯ್ತು. ನನ್ನ ಒದ್ದೆ ಪ್ಯಾಂಟನ್ನ ಎಷ್ಟು ಸಲ ಇಲ್ಲೇ ಇಸ್ತ್ರಿ ಹಾಕಿ ಒಣಗಿಸಿದೀನಿ ಗೊತ್ತಾ? ಗಿರಾಕಿ ಬಂದ್ರೆ ಮೆಷಿನ್ ಹಿಂದಿಂದ ಏಳೋ ಹಾಗೇ ಇಲ್ಲ!" ನಕ್ಕ. ಆಮೇಲೆ ನಗು ನಿಲ್ಲಿಸಿ ಕಣ್ಣು ಒರೆಸಿಕೊಂಡ. "ಏನಾಗಬೇಕಿತ್ತು ಅತ್ತಿಗೆ?"

ಅವಳು ಮೆಷಿನ್ ಪಕ್ಕದಲ್ಲಿದ್ದ ಬಟ್ಟೆಯ ತುಂಡೊಂದನ್ನು ಎತ್ತಿಕೊಂಡಳು.

"ಒಂದು ದಿಂಬಿನ ಗವುಸು ಹೊಲಿದುಕೊಡಪ್ಪ."

ಮರುದಿನ ಮತ್ತೆ ಹೋದಳು. ಮತ್ತೆ ಮಾತು ಬರಲಿಲ್ಲ. ಮತ್ತೊಂದು ಗವುಸು. ಹೀಗೇ ನಡೆಯಿತು. ಮನೆಯಲ್ಲಿ ದಿಂಬು ಎರಡು, ತಲೆ ಒಂದು, ಗವುಸು ರಾಶಿ.

ಮೇಷ್ಟ್ರ ಮನೆಗೂ ಹೋದಳು. ಅವರು ಬಾಗಿಲು ತೆರೆದವರೇ ಒಂದು ಚಿತ್ರ ತಂದು ಮುಂದೆ ಹಿಡಿದರು. ಬೆಂಚಿನ ಜಾಗದಲ್ಲಿ ಬರುವ ಹೂಕುಂಡ. ಬಣ್ಣವನ್ನೂ ಹಚ್ಚಿದ್ದರು.

"ನಿಮಗೆ ಅಂತಲೇ ಬರೆದೆ ತಾಯಿ. ಹೇಗಿದೆ?"

"ಚೆನ್ನಾಗಿದೆ ಮೇಷ್ಟ್ರೇ," ಎಂದು ಹೇಳಿ ಬಂದು ಮನೆಯಲ್ಲಿ ಕೂತು ಅತ್ತಳು. ಹೂಕುಂಡ ನಿಜವಾಗಿಯೂ ಚೆನ್ನಾಗಿತ್ತು. ಅದೇ ಕಷ್ಟ.

ಸಭೆಯ ದಿನ ಬಂದೇಬಿಟ್ಟಿತು. ಸಭೆ ಶಾಲೆಯ ಕೋಣೆಯಲ್ಲಿ. ಬೀದಿಯ ಹಿರಿಯರೆಲ್ಲ ಸಣ್ಣ ಮಕ್ಕಳ ಬೆಂಚುಗಳಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಂದುಕೊಂಡು ಕೂತಿದ್ದರು. ಕರಿಹಲಗೆಯ ಮೇಲೆ ನಕ್ಷೆ. ಗೋಡೆಗೆ ಒರಗಿ ನಿಂತವನು ಕಚೇರಿಯ ಪೈಪಿನವನು. ಕಂಡಕ್ಟರಮ್ಮ ಹಿಂದಿನ ಸಾಲಿನಲ್ಲಿ ಕೂತಳು. ನಕ್ಷೆ ಹುಡುಗಿ ಕೋಲು ಹಿಡಿದು ಒಂದೊಂದೇ ಗುರುತು ತೋರಿಸುತ್ತಾ ಬಂದಳು. ದೀಪ, ಸರಿ. ನೆರಳು, ಸರಿ. ಕೋಲು ಕಂಡಕ್ಟರಮ್ಮನ ಕಿಟಕಿ ಮನೆಯ ಮುಂದೆ ಬಂದು ನಿಂತಿತು.

"ಬೆಂಚು ತೆಗೆದು ಹೂಕುಂಡ. ಎಲ್ಲರೂ ಒಪ್ಪಿದ್ದೀರಿ. ಹಾಗಾದ್ರೆ ಮುಂದಕ್ಕೆ ಹೋಗೋಣ..."

"ಹೋಲ್ಡಾನ್!"

ಕೋಣೆ ಗಕ್ಕನೆ ನಿಂತಿತು. ಟೈಲರ್ ಬೆಚ್ಚಿ ಬಾಗಿಲ ಕಡೆ ತಿರುಗಿ ನೋಡಿದ. ಮೇಷ್ಟ್ರ ಕನ್ನಡಕ ಜಾರಿತು. ಆ ಕೂಗು ತನ್ನ ಬಾಯಿಂದಲೇ ಬಂದದ್ದು ಎಂದು ಕಂಡಕ್ಟರಮ್ಮನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಎದ್ದು ನಿಂತಿದ್ದಳು. ಇನ್ನು ಕೂರುವ ಹಾಗಿರಲಿಲ್ಲ.

"ಬೆಂಚು ತೆಗೀಬೇಡಿ."

"ಅಮ್ಮಾ, ಮೊದಲು ತೆಗೀರಿ ಅಂದಿದ್ದೇ ನೀವು!"

"ಅಂದೆ. ಗಂಡನ್ನ ಬೈಯೋಕೆ ಅಂದೆ. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ಅದನ್ನ ಯಾರಾದ್ರೂ ನಕ್ಷೆಗೆ ಹಾಕ್ತಾರೇನಮ್ಮ?"

ಎದುರುಮನೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗಿ ಮುಖ ಕೆಂಪಾಯಿತು. ಆದರೂ ಕೋಲು ಕೆಳಗಿಳಿಸಲಿಲ್ಲ.

"ಅಷ್ಟಕ್ಕೇ ಅಲ್ಲಮ್ಮ. ನಾನು ಎಷ್ಟೋ ಬೆಳಗ್ಗೆ ಬಂದು ನೋಡಿದೀನಿ. ಅಲ್ಲಿ ಒಬ್ಬರೂ ಕೂರಲ್ಲ."

"ಹೇಗೆ ಕೂರ್ತಾರೆ? ಒದ್ದೆ ಇರುತ್ತಲ್ಲ!"

"ಅದೇ ಮುಖ್ಯ ಸಮಸ್ಯೆ. ಮಳೆ ಇಲ್ಲದಾಗಲೂ ಒದ್ದೆ! ಬೆಂಚಿನ ಬುಡದಲ್ಲಿ ಪೈಪು ಸೋರ್ತಾ ಇದೆ. ನಿಮ್ಮ ಮನೆ ಗೋಡೆಗೇ ಅಪಾಯ. ಅದಕ್ಕೇ ಬೆಂಚು ಕಿತ್ತು, ನಿಮ್ಮ ಹೊಸ್ತಿಲವರೆಗೂ ಅಗೀಬೇಕು ಅಂತ."

"ಬೀದಿ ತುದೀಲಿ ಮೂರು ಕಡೆ ತೋಡಿ ನೋಡ್ದೆ ಮೇಡಂ," ಎಂದ ಪೈಪಿನವನು ಬೇಸರದಿಂದ. "ಇಂಥ ಸೋರಿಕೆ ನನ್ನ ಸರ್ವೀಸಲ್ಲೇ ಕಂಡಿಲ್ಲ. ಬೆಳಗ್ಗೆ ಮಾತ್ರ ಸೋರುತ್ತೆ!"

ಬೀದಿಯವರೆಲ್ಲರ ತಲೆ ಹಿಂದಿನ ಸಾಲಿಗೆ ತಿರುಗಿತು. ಹುಡುಗಿಯ ನೀರಿಳಿಸಲು ಎದ್ದವಳು ಕಂಡಕ್ಟರಮ್ಮ. ನೀರಿಳಿದದ್ದು ಅವಳದೇ.

"ಆ ಪೈಪು ಇಲ್ಲೇ ನಿಂತಿದೆ ಮೇಡಂ," ಎಂದ ಟೈಲರ್. "ಕೈಯಲ್ಲಿ ಬಕೆಟ್ ಒಂದಿಲ್ಲ ಅಷ್ಟೆ."

ಶಾಲೆಯ ಹೆಂಚು ಹಾರುವಷ್ಟು ನಗು. ಪೈಪಿನವನು ತಲೆ ಮೇಲೆ ಕೈ ಇಟ್ಟುಕೊಂಡ. ಕಂಡಕ್ಟರಮ್ಮ ನೆಲ ನೋಡುತ್ತ ನಿಂತಳು. ನಗು ನಿಲ್ಲುವ ತನಕ ನಿಂತಳು. ಆಮೇಲೆ ಹೇಳಿದಳು.

"ಅವರ ಜಾಗ ಅದು. ಬೇರೆ ಯಾರೂ ಕೂರಬಾರದು ಅಂತ ಹಾಕ್ತಿದ್ದೆ. ಬೇರೇನಿಲ್ಲ."

ಯಾರೂ ನಗಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಗಂಡ ಹೆಂಡ್ತಿ ಜಗಳದಲ್ಲಿ ಬೆಂಚು ಬಡವಾಗೋದು ಬೇಡ," ಎಂದಳು ಎದುರುಮನೆ ಅಕ್ಕ. "ಎತ್ರೋ ಕೈ!"

ಕೈಗಳು ಎದ್ದವು. ಪೈಪಿನವನೂ ಎತ್ತಿದ. (ಅವನು ಆ ಬೀದಿಯವನಲ್ಲ. ಆದರೂ ಎತ್ತಿದ.)

"ಒಂದು ಷರತ್ತು," ಎಂದ ಟೈಲರ್. "ಬೆಂಚು ಇರ್ಲಿ. ಬಕೆಟ್ ಹೋಗ್ಲಿ. ನಾವೂ ಮನುಷ್ಯರು ಅತ್ತಿಗೆ. ಅಣ್ಣನ್ನ ನೆನೆಸ್ಕೊಂಡು ಕೂರೋಕೆ ನಮಗೂ ಒಂದು ಜಾಗ ಬೇಕು."

ನಕ್ಷೆ ಹುಡುಗಿ ಹೇಳಿದ್ದನ್ನು ಮಾಡುವವಳು. ಬೆಂಚಿನ ಗುರುತಿನ ಪಕ್ಕ ಅಲ್ಲೇ ಬರೆದಳು: ‘ಸದರಿ ಬೆಂಚನ್ನು ಪ್ರತಿದಿನ ಬೆಳಗ್ಗೆ ಒರೆಸಿ ಒಣಗಿಸತಕ್ಕದ್ದು. ಬಕೆಟ್ ನಿಷಿದ್ಧ. ಉಸ್ತುವಾರಿ: ಕಿಟಕಿ ಮನೆಯವರು.’ ಮೇಷ್ಟ್ರ ಹೂಕುಂಡ ಬೆಂಚಿನ ಆಚೆ ತುದಿಗೆ ಹೋಯಿತು.

ಹೀಗೆ, ಜೀವಮಾನವೆಲ್ಲ ಬೆಂಚು ನೆನೆಸಿದವಳ ಕೊರಳಿಗೆ ಬೆಂಚು ಒಣಗಿಸುವ ಅಧಿಕಾರ ಬಿತ್ತು. ಬೇಡವೆನ್ನಲು ಸಭೆ ಮುಗಿದಿತ್ತು. ಈಗ ಅವಳು ಎದ್ದವಳೇ ಇಬ್ಬನಿ ಒರೆಸಬೇಕು. (ಗವುಸುಗಳಿಗೇನು ಬರವೇ? ದಿನಕ್ಕೊಂದು.) ಒರೆಸಿ ಮುಗಿಸುವುದರೊಳಗೆ ಟೈಲರ್ ಬರುತ್ತಾನೆ. ಮೇಷ್ಟ್ರು ಬರುತ್ತಾರೆ. ಬಕೆಟ್ಟಿನ ಭಯ ಹೋದ ಮೇಲೆ ಹಿಂದೆಂದೂ ಬಾರದವರೂ ಬರುತ್ತಾರೆ. ಲೋಕದ ಸುದ್ದಿ, ಕೆಮ್ಮು, ಎಲ್ಲ ಮೊದಲಿನ ಹಾಗೇ ಕಿಟಕಿಯೊಳಗೆ.

"ಅತ್ತಿಗೆ, ಟೀ ಇದ್ರೆ... ಸಕ್ಕರೆ ಸ್ವಲ್ಪ ಕಮ್ಮಿ."

"ನಿಮ್ಮ ಬಾಯಿಗೆ ಮಣ್ಣು ಹಾಕ," ಎಂದು ಬೈದು ಒಲೆಯ ಮೇಲೆ ಪಾತ್ರೆ ಇಡುತ್ತಾಳೆ.

ಎಷ್ಟೇ ಜನ ಬಂದರೂ ನುಣುಪು ಮೂಲೆ ಮಾತ್ರ ಖಾಲಿ. ಗೊತ್ತಿಲ್ಲದವನು ಅಲ್ಲಿ ಕೂರಲು ಹೋದರೆ ಟೈಲರ್ ತೋಳು ಹಿಡಿದು ಎಳೆಯುತ್ತಾನೆ. "ಈ ಕಡೆ ಸರ್ಕೊಳ್ಳಿ. ಅಲ್ಲಿ ಸೀಟಿಲ್ಲ." ಮೊನ್ನೆ ಪೈಪಿನವನು ಆ ದಾರಿಯಲ್ಲಿ ಬಂದವನು ಆ ಮೂಲೆಯನ್ನು ಮುಟ್ಟಿ ನೋಡಿದ. ಬೆರಳು ಒದ್ದೆಯಾಯಿತು. ಕಿಟಕಿಯ ಕಡೆ ಒಮ್ಮೆ ನೋಡಿದ. ಏನೂ ಕೇಳದೆ ಹೋದ.

ಸಭೆ ಬಕೆಟ್ ಬೇಡವೆಂದಿತ್ತು. ಚೊಂಬಿನ ಮಾತನ್ನು ಯಾರೂ ಎತ್ತಿರಲಿಲ್ಲ. ಇಡೀ ಬೆಂಚು ಒರೆಸಿ, ಒಣಗಿತೇ ಎಂದು ಅಂಗೈ ಇಟ್ಟು ನೋಡಿ, ಕಂಡಕ್ಟರಮ್ಮ ಒಳಗೆ ಹೋಗುತ್ತಾಳೆ. ಒಂದು ಚೊಂಬು ನೀರು ತಂದು ಆ ಮೂಲೆಗೆ ಸುರಿಯುತ್ತಾಳೆ.