ಬುಸುಗುಡುವ ಬ್ಯಾರಲ್ಲು

ಇಂಡಿ ಊರಿನ ಶ್ರೀಶೈಲ ಮಾಸ್ತರರ ಮಾನ ಆ ರವಿವಾರ ಒಂದು ರಬ್ಬರ್ ವಾಷರಿನ ಮೇಲೆ ನಿಂತಿತ್ತು. ವಾಷರು ಸರಿಯಾಗಿ ಕೂತಿರಲಿಲ್ಲ.

ತಪ್ಪು ಪೂರ್ತಿ ಮಾಸ್ತರರದಲ್ಲ. ಓಣಿಯ ತುದಿಯಲ್ಲಿದ್ದ ವೈನ್ ಶಾಪನ್ನು ಹೋದ ವರ್ಷ ಮೆರವಣಿಗೆ ತೆಗೆದು ಮುಚ್ಚಿಸಿದ್ದು ಅವರ ಹೆಂಡತಿ ರಾಜೇಶ್ವರಿ. ಆ ಮೆರವಣಿಗೆಯ ಬ್ಯಾನರಿನ ಒಂದು ಕೋಲನ್ನು ಮಾಸ್ತರರೇ ಹಿಡಿದಿದ್ದರು, ಹಿಡಿಯದೆ ಗತಿಯಿರಲಿಲ್ಲ. ತಿಂಗಳಿಗೆ ಎರಡು ಸಲ ಕದ್ದು ಒಂದು ಬಿಯರು ಕುಡಿಯುವ ಬಡಪಾಯಿ ಆಮೇಲೆ ಎಲ್ಲಿಗೆ ಹೋಗಬೇಕು? ಸಿಂದಗಿಗೆ ಹೋದರೆ ಹಳೆಯ ವಿದ್ಯಾರ್ಥಿಗಳೇ ಎದುರಾಗಿ ನಮಸ್ಕಾರ ಮಾಡುತ್ತಾರೆ. ಮುದ್ದೇಬಿಹಾಳ ಮಾವನ ಊರು. ಬಸವನ ಬಾಗೇವಾಡಿ ಬಸವಣ್ಣನ ಊರು, ಅಲ್ಲಿ ಕುಡಿಯಲು ಮನಸ್ಸೇ ಒಪ್ಪುವುದಿಲ್ಲ. ಸಾಲೋಟಗಿಯ ಸಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರರು ಕೊನೆಗೆ ಮೊಬೈಲು ನೋಡಿ ಬಿಯರು ಮಾಡಲು ಕಲಿತು, ಬಿಳಿಜೋಳ ಮೊಳಕೆ ಬರಿಸಿ, ಒಣಗಿಸಿ, ಕುದಿಸಿ, ಪಾರ್ಸಲ್ಲಿನಲ್ಲಿ ತರಿಸಿದ ಪ್ರೆಶರ್ ಬ್ಯಾರಲ್ಲಿಗೆ ತುಂಬಿ ಹಿತ್ತಲ ಖೋಲಿಯಲ್ಲಿಟ್ಟರು. ಹೆಂಡತಿಗೆ ಗಿಡಕ್ಕೆ ಹಾಕುವ ಔಷಧ ಎಂದು ಹೇಳಿದ್ದರು.

ಪ್ರೆಶರ್ ಬ್ಯಾರಲ್ಲೆಂದರೆ ಕುಕ್ಕರಿನ ಅಣ್ಣ. ಒಳಗೆ ಹುಟ್ಟಿದ ಗ್ಯಾಸು ಒಳಗೇ ಇರಬೇಕು. ಸೋರಿಹೋದರೆ ಬಿಯರೂ ಹೋಗಿ ಹುಳಿ ಅಂಬಲಿ ಉಳಿಯುತ್ತದೆ. ಇಪ್ಪತ್ತು ದಿನ ಮಾಸ್ತರರು ಅದನ್ನು ಬಾಣಂತಿಯಂತೆ ಜೋಪಾನ ಮಾಡಿದ್ದರು. ಇನ್ನೊಂದೇ ದಿನ ಬಾಕಿಯಿತ್ತು.

ಬೆಳಿಗ್ಗೆ ಕಸಬರಿಗೆ ತರಲು ಹೋದ ರಾಜೇಶ್ವರಿ ಬರಿಗೈಯಲ್ಲಿ ಓಡಿಬಂದಳು.

"ಖೋಲ್ಯಾಗ ಹಾವು ಐತ್ರಿ. ಬುಸ್ ಅನ್ನಾಕತ್ತೈತಿ."

ಮಾಸ್ತರರಿಗೆ ತಟ್ಟನೆ ಹೊಳೆಯಿತು. ಆದರೆ ಹಾವಲ್ಲ, ಬ್ಯಾರಲ್ಲು ಎಂದರೆ ಆಕೆ ಬ್ಯಾರಲ್ಲು ನೋಡುತ್ತಾಳೆ. ನೋಡಿದರೆ ಮೂಸುತ್ತಾಳೆ. ಮೂಸಿದ ಮೇಲೆ ಮಾಸ್ತರರು ಆ ಮನೆಯಲ್ಲಿ ತಲೆಯೆತ್ತಿ ಊಟ ಮಾಡುವ ಹಾಗಿಲ್ಲ.

"ಇರಬಹುದು," ಎಂದರು.

ಅಷ್ಟು ಸಾಕಾಯಿತು. ಊರೂರಿನ ಜಮೀನು ಲೆಕ್ಕ ಬರೆದು ನಿವೃತ್ತರಾದ ಪಕ್ಕದ ಮನೆಯ ತಲಾಟಿ ಬಸಂತರಾಯ ಬನಿಯನ್ನಿನಲ್ಲೇ ಬಂದು ಖೋಲಿಯ ಬಾಗಿಲಿಗೆ ಕಿವಿಯಿಟ್ಟರು.

"ನಾಗರ ಇದು. ಐದು ಫೂಟಿಗೆ ಕಡಿಮಿ ಇಲ್ಲ. ಸರ್ವಿಸಿನ್ಯಾಗ ಇಂಥಾವು ಭಾಳ ನೋಡೇನಿ."

"ನೀವೆಲ್ಲಾ ದೂರ ನಿಂದರ್ರಿ, ನಾ ನೋಡಿ ಬರ್ತೇನಿ," ಎಂದು ಮಾಸ್ತರರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಂಡನ ಧೈರ್ಯ ಕಂಡು ರಾಜೇಶ್ವರಿಯ ಕಣ್ಣು ತುಂಬಿತು.

ಒಳಗೆ ಮಾಸ್ತರರು ಮುಚ್ಚಳದ ಸುತ್ತ ಸಾಬೂನಿನ ನೀರು ಹಚ್ಚಿದರು. ಒಂದು ಕಡೆ ಗುಳ್ಳೆ ಎದ್ದವು. ಸೋರುವ ಜಾಗ ಸಿಕ್ಕಿತು. ಮುಚ್ಚಳ ತುಸುವೇ ಸಡಿಲಿಸಿ, ವಾಷರಿನ ಅಂಚಿಗೆ ವ್ಯಾಸಲೀನ್ ಸವರಿ, ಹಲ್ಲು ಕಚ್ಚಿ ತಿರುವಿದರು. ಬುಸುಗುಡುವುದು ನಿಂತಿತು. ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಏನೂ ಇಲ್ರಿ. ಹೋತು."

"ಎಲ್ಲಿಗಿ ಹೋತು?" ಎಂದು ಬಸಂತರಾಯರ ಹೆಂಡತಿ ಸುಮಿತ್ರಾಬಾಯಿ ಕೇಳಿದರು. "ನಿಮ್ಮ ಖೋಲಿ ಗ್ವಾಡಿ, ನಮ್ಮ ಅಡಗಿಮನಿ ಗ್ವಾಡಿ ಒಂದೇ. ನಿಮ್ಮ ಹಾವು ನಮ್ಮ ಮನ್ಯಾಗ ಬಂತೇನು ಹಂಗಾರ?"

ಹತ್ತೇ ನಿಮಿಷದಲ್ಲಿ ಬಸಂತರಾಯರ ಮನೆಯ ಗ್ಯಾಸ್ ಒಲೆ, ಹಿಟ್ಟಿನ ಡಬ್ಬಿ, ಮಂಚ ಎಲ್ಲ ಓಣಿಗೆ ಬಂದವು. ಆಚೆಮನೆಯ ಬಾನುಬಿ ಮೊಮ್ಮಕ್ಕಳನ್ನು ಮಾಳಿಗೆಗೆ ಹತ್ತಿಸಿದಳು. ಹಾವು ಸಿಗುವವರೆಗೆ ಓಣಿಯಲ್ಲಿ ಬೇರೆ ಯಾರೂ ಒಲೆ ಹಚ್ಚುವುದಿಲ್ಲ, ಅಲ್ಲಿಯವರೆಗೆ ಎಲ್ಲರ ಊಟ ಮಾಸ್ತರರ ಮನೆಯಲ್ಲೇ ಎಂದು ಬಸಂತರಾಯರು ಪಂಚಾಯ್ತಿ ಮುಗಿಸಿದರು.

ಮಾಸ್ತರರು ಎಣಿಸಿ ನೋಡಿದರು. ಮೂವತ್ತೊಂದು ಜನ.

"ತಡೀರಿ, ಇನ್ನೊಮ್ಮಿ ನೋಡ್ತೇನಿ," ಎಂದು ಒಳಗೆ ಹೋಗಿ, ಎದೆ ಕಲ್ಲು ಮಾಡಿಕೊಂಡು ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಮಾಡಿದರು. ಬುಸ್ ಎಂದಿತು. ಹೊರಗೆ ಮೂವತ್ತೊಂದು ಜನರೂ ನಿಟ್ಟುಸಿರು ಬಿಟ್ಟರು.

"ಐತಿ, ಐತಿ. ಇಲ್ಲೇ ಐತಿ," ಎಂದು ಸುಮಿತ್ರಾಬಾಯಿ ಕೈ ಮುಗಿದರು.

ಓಣಿಗೆ ನೆಮ್ಮದಿಯಾಯಿತು. ಇಪ್ಪತ್ತು ದಿನದ ತಪಸ್ಸು ಮಾತ್ರ ಮಾಸ್ತರರ ಕಣ್ಣೆದುರೇ ಗಾಳಿಗೆ ಹೋಗುತ್ತಿತ್ತು.

ಅಷ್ಟರಲ್ಲಿ ಬಸಂತರಾಯರು ಫೋನು ಮಾಡಿ ಕರೆಸಿದ್ದ ಯುವರಾಜ ಬಂದಿಳಿದ. ಅವನು ಬೋರಿನ ಮೋಟಾರು ರಿಪೇರಿ ಮಾಡುವವನು. ಹೊಲಗಳಲ್ಲಿ ಮೋಟಾರಿನ ಖೋಲಿ ತೆರೆದಾಗಲೆಲ್ಲ ಹಾವು ಹೊರಟು, ಹಾವು ಹಿಡಿಯುವುದೂ ಅವನ ಕಸುಬಾಗಿತ್ತು.

"ಬ್ಯಾಡ ಬಿಡಪಾ, ಅದರಷ್ಟಕ್ಕ ಅದು ಹೋಗ್ತೈತಿ," ಎಂದು ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು.

"ಸರ ಅಂಜ್ಯಾರ, ಸರಸ್ರಿ ಅವರನ್ನ," ಎಂದ ಯುವರಾಜ. ನಾಲ್ಕು ಜನ ಸೇರಿ ಮಾಸ್ತರರನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕುಡಿಸಿದರು.

ಯುವರಾಜ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಐದು ನಿಮಿಷಕ್ಕೆ ಬುಸುಗುಡುವುದು ನಿಂತಿತು. ಅವನು ಮಾತ್ರ ಅರ್ಧ ತಾಸಾದರೂ ಬರಲಿಲ್ಲ. ಮಾಸ್ತರರು ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಅವನು ಹೊರಗೆ ಬಂದು ಒಂದು ಮಾತು ಆಡಿದರೆ ಸಾಕು, ಬ್ಯಾನರು ಹಿಡಿದ ಮಾನ ಓಣಿಯ ಪಾಲಾಗುತ್ತಿತ್ತು.

ಕೊನೆಗೆ ಬಾಗಿಲು ತೆರೆಯಿತು. ಯುವರಾಜನ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಬಾಯಿ ಬಿಗಿದ ಚೀಲವಿತ್ತು.

"ನಾಗರಹಾವೇ ಐತ್ರಿ," ಎಂದ. ಜನ ಕೈ ಮುಗಿದರು.

"ಅದೇನೋ ಹುಳಿ ವಾಸನಿ ಬರಾಕತ್ತೈತಿ ನಿನ್ನ ಮ್ಯಾಲ," ಎಂದಳು ರಾಜೇಶ್ವರಿ.

"ಬೇರು ಅರದು ಹಚ್ಚಿಕೊಂಡೇನ್ರಿ ಅಕ್ಕಾರ. ಇಲ್ಲಂದ್ರ ಅದು ಕೈಗೆ ಸಿಗೂದಿಲ್ಲ."

ಆಮೇಲೆ ಮಾಸ್ತರರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಸರ, ವಾಷರ್ ಉಲ್ಟಾ ಕುಂದರಿಸಿದ್ರಿ. ನನ್ನ ಕಡೆ ಮೋಟಾರಿಂದು ಒಂದಿತ್ತು, ಅದನ್ನ ಹಾಕೇನಿ. ಇನ್ನ ಒಂದು ಹನಿ ಸೋರೂದಿಲ್ಲ. ಒಳಗ ಇನ್ನೂ ಭಾಳ ಉಳದೈತಿ. ನಾ ಯಾರಿಗೂ ಹೇಳಾಂವ ಅಲ್ಲ."

ಮಾಸ್ತರರಿಗೆ ಅವನ ಕಾಲು ಹಿಡಿಯಬೇಕೆನಿಸಿತು. ಇಂಥ ಸಜ್ಜನರಿಂದಲೇ ಮಳೆ ಬೆಳೆ ಆಗುತ್ತದೆ ಎಂದುಕೊಂಡರು. ಯುವರಾಜ ಅಷ್ಟರಲ್ಲಿ ರಾಜೇಶ್ವರಿಯ ಕಡೆ ತಿರುಗಿದ್ದ.

"ಅಕ್ಕಾರ, ಇದು ಹೆಣ್ಣು. ಗಂಡು ಇನ್ನಾ ಒಳಗ ಬಿಲದಾಗ ಐತಿ. ನಾ ದಿನಾ ಸಂಜಿಕೆ ಬಂದು ಕುಂತು ಕಾಯಬೇಕು. ಕೀಲಿ ನನ್ನ ಕಡೆ ಇರ್ಲಿ. ಯಾರನ್ನೂ ಒಳಗ ಬಿಡಬ್ಯಾಡ್ರಿ, ಸರನ್ನ ಅಂತೂ ಬಿಡಲೇಬ್ಯಾಡ್ರಿ. ಅವರಿಗಿ ಧೈರ್ಯ ಭಾಳ ಐತಿ."

"ಖರೆ ಐತಿ," ಎಂದು ರಾಜೇಶ್ವರಿ ಕೀಲಿಯನ್ನು ಅವನ ಕೈಗೆ ಕೊಟ್ಟಳು.

ಅದೇ ಸಂಜೆ ಯುವರಾಜ ಬಂದು ಖೋಲಿಯೊಳಗೆ ಕೂತ. ತಮಗಾಗಿ ಜೀವ ಪಣಕ್ಕಿಟ್ಟ ಮನುಷ್ಯ ಉಪವಾಸ ಇರಬಾರದೆಂದು ರಾಜೇಶ್ವರಿ ಮೆಣಸಿನಕಾಯಿ ಭಜಿ ಕರಿದು, ಕಿಟಕಿಯಿಂದಲೇ ಕೊಟ್ಟು ಬರಲು ಗಂಡನನ್ನು ಕಳಿಸಿದಳು. ಮಾಸ್ತರರು ಸರಳುಗಳ ನಡುವೆ ತಟ್ಟೆ ತೂರಿಸಿ, ದನಿ ತಗ್ಗಿಸಿ ಬೇಡಿದರು.

"ಯುವರಾಜ, ನನಗೂ ಒಂದೇ ಒಂದು ಗ್ಲಾಸ್ ಕೊಡಪಾ."

"ಛೇ, ಸರ. ಬಾಯಿ ವಾಸನಿ ಬಂದ್ರ ಅಕ್ಕಾರಿಗೆ ತಿಳೀತೈತಿ. ನಿಮ್ಮ ಮಾನ ಏನಾಗಬೇಕು?" ಎಂದು ಯುವರಾಜ ಕಳಕಳಿಯಿಂದ ಹೇಳಿ, ಬಿಸಿ ಭಜಿಯೊಂದನ್ನು ಮುರಿದ. "ಅದಿರ್ಲಿ, ಮುಂದಿನ ಬ್ಯಾರಲ್ ಯಾವಾಗ ಹಾಕ್ತೀರಿ ಹೇಳ್ರಿ. ಇದು ಮುಗಿಯೂದ್ರಾಗ ಅಕ್ಕಾರಿಗೆ ಹಾವು ಮರಿ ಹಾಕ್ಯಾವಂತ ಹೇಳಿ ಇಡಬೇಕು."