ಮಾಮನ ಕಾರ್ಡಿಗೆ ರೇಟು ಬರುವ ತನಕ

ನಮ್ಮ ಸೋದರಮಾವನಷ್ಟು ವಿಮಾನ ಪ್ರಯಾಣ ಬಲ್ಲವರು ಕಲಬುರಗಿಯಲ್ಲಿ ಇನ್ನೊಬ್ಬರಿಲ್ಲ. ದಿಲ್ಲಿಯ ನಿಲ್ದಾಣದಲ್ಲಿ ಯಾವ ಮೂಲೆಯಲ್ಲಿ ಪುಕ್ಕಟೆ ಕಾಫಿ ಸಿಗುತ್ತದೆ, ಮುಂದಿನ ಸಾಲಿನಲ್ಲಿ ಕಾಲು ಎಷ್ಟು ಚಾಚಬಹುದು, ಕಿಟಕಿ ಪಕ್ಕದ ಸೀಟು ಬೇಕಾದರೆ ಯಾವಾಗ ಗುಂಡಿ ಒತ್ತಬೇಕು, ಎಲ್ಲವೂ ಅವನಿಗೆ ಬಾಯಿಪಾಠ. ಕೊರತೆ ಒಂದೇ. ಅವನು ಖುದ್ದಾಗಿ ಹೋಗಿ ಬರುವ ಅತಿ ದೂರದ ಊರು ಕಮಲಾಪುರ! ಅದೂ ಸರ್ಕಾರಿ ಬಸ್ಸಿನಲ್ಲಿ, ಎಷ್ಟೋ ದಿನ ನಿಂತುಕೊಂಡೇ.

ಮಾಮ ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮನೆ ಇರುವುದು ಕಲಬುರಗಿಯ ಅಂಚಿನಲ್ಲಿ, ಶರಣಸಿರಸಗಿ ಕಡೆಯ ಹೊಸ ಬಡಾವಣೆಯಲ್ಲಿ. ನಾಲ್ಕು ವರ್ಷದ ಹಿಂದೆ ಬಸ್ಸಿನಲ್ಲಿ ಹೊತ್ತು ಹೋಗದೆ ಫೋನಿನಲ್ಲಿ ಒಂದು ವಿಡಿಯೊ ನೋಡಿದ. ಪ್ರಯಾಣಿಕರಿಗೆಂದೇ ಒಂದು ಭಾರಿ ಕ್ರೆಡಿಟ್ ಕಾರ್ಡು ಇದೆಯಂತೆ. ಕಾರ್ಡು ಕೈಗೆ ಬಂದ ಮೂರು ತಿಂಗಳೊಳಗೆ ಬ್ಯಾಂಕು ಹೇಳಿದಷ್ಟು ಖರ್ಚು ಮಾಡಿದರೆ ರಾಶಿ ರಾಶಿ ಪಾಯಿಂಟು. ಪಾಯಿಂಟು ಕೊಟ್ಟರೆ ವಿಮಾನದ ಟಿಕೆಟ್ಟು. ಈ ಸ್ವಾಗತದ ಪಾಯಿಂಟು ಸಿಗುವುದು ಒಂದೇ ಸಲ, ಆದರೆ ಅದರ ಲೆಕ್ಕ ಆಗಾಗ ಏರಿಳಿಯುತ್ತದೆ. ಅಷ್ಟೇ ಸಾಕಾಯಿತು. ಅಂದು ಬಸ್ಸು ಹತ್ತಿದ ಮಾಮ ಬೇರೆ, ಇಳಿದ ಮಾಮ ಬೇರೆ.

"ಕಾರ್ಡ ತಗೊಳ್ಳೋದು ದೊಡ್ಡದಲ್ಲವ್ವಾ. ಯಾವಾಗ ತಗೋತೀವಿ ಅನ್ನೋದು ದೊಡ್ಡದು. ರೇಟ ಬರ್ಲಿ," ಎಂದ ನನಗೆ.

ಆ ಮಾತು ನನಗೆ ಹೊಸದಲ್ಲ. ನಮ್ಮದು ತೊಗರಿ ಬೆಳೆಯುವ ಮನೆತನ. ರಾಶಿ ಮುಗಿದ ಕೂಡಲೇ ಚೀಲವನ್ನು ಗಂಜ್ ಮಾರುಕಟ್ಟೆಗೆ ಹಾಕಿ ಮಾರುವವನಿಗೆ ನಮ್ಮಲ್ಲಿ ಮರ್ಯಾದೆ ಇಲ್ಲ. ಮನೆಯಲ್ಲಿಟ್ಟುಕೊಂಡು ದರ ಕಾಯುವವನೇ ಶಾಣ್ಯಾ. ಮಾಮನ ಅಪ್ಪ, ಅಂದರೆ ನನ್ನ ಅಜ್ಜ, ಒಂದು ವರ್ಷ ಕಾದು ಕಾದು, ಪಡಸಾಲೆ ತುಂಬಿದ್ದ ತೊಗರಿಗೆ ಹುಳ ಬಿದ್ದು, ಕೊನೆಗೆ ಅದನ್ನು ಎಮ್ಮೆಗೆ ಹಾಕಿದನಂತೆ. ಆಗಲೂ "ಇನ್ನೆಂಟು ದಿನ ತಡದಿದ್ರ ರೇಟ ಬರ್ತಿತ್ತು" ಎಂದು ಎಮ್ಮೆಯ ಮುಂದೆ ನಿಂತು ಹಲುಬಿದನಂತೆ. ಆ ರಕ್ತ ಎಲ್ಲಿಗೆ ಹೋದೀತು?

ಇಷ್ಟಕ್ಕೂ ಮಾಮನಿಗೆ ವಿಮಾನ ಯಾಕೆ ಬೇಕಿತ್ತು? ಬೇಕಿದ್ದದ್ದು ಅವನ ಹೆಂಡತಿಗೆ, ನಮ್ಮ ಅತ್ತೆಗೆ. ಅತ್ತೆಯ ತವರು ಮಹಾಗಾಂವ. ತಾಯಿ ಬೇಗ ತೀರಿಹೋಗಿದ್ದರಿಂದ ಅಕ್ಕನೇ ಟೊಂಕದ ಮೇಲೆ ಹೊತ್ತು ಬೆಳೆಸಿದ್ದಳು. ಆ ಅಕ್ಕ ಫೌಜಿನವನನ್ನು ಮದುವೆಯಾಗಿ ಡೆಹ್ರಾಡೂನಿಗೆ ಹೋಗಿ ಅಲ್ಲೇ ನೆಲೆಸಿದಳು. ಈಗ ಗಂಡನಿಲ್ಲ; ಮಗ, ಅಲ್ಲಿಯವಳೇ ಆದ ಸೊಸೆ ನೋಡಿಕೊಳ್ಳುತ್ತಾರೆ. ಅಕ್ಕನಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಮೊದಲು ಮರೆತದ್ದು ಹಿಂದಿ. ಉಳಿದದ್ದು ಮಹಾಗಾಂವದ ಕನ್ನಡ, ಅದು ಆ ಸೊಸೆಗೆ ಒಂದಕ್ಷರ ತಿಳಿಯದು. ಎರಡು ದಿನ ರೈಲಿನಲ್ಲಿ ಕೂರಲು ಅತ್ತೆಯ ಮೊಣಕಾಲು ಒಪ್ಪದು. ಹೀಗಾಗಿ ವಿಮಾನವೇ ಗತಿ.

"ಅಕ್ಕಗ ನನ್ನ ಗುರ್ತ ಹೋಗೂದ್ರೊಳಗ ಒಮ್ಮೆ ಮಾರಿ ತೋರಿಸಿ ಬರಬೇಕ್ರೀ," ಎಂದು ಅತ್ತೆ ಕೇಳಿದ್ದು ಇಷ್ಟೇ.

"ಹೋಗೂಣು. ಇಬ್ಬರೂ ಮುಂದಿನ ಸಾಲಿನ ಸೀಟಿನ್ಯಾಗ ಹೋಗೂಣು, ಪುಕಟ್ಟೆ," ಎಂದ ಮಾಮ. ರೊಕ್ಕ ಕೊಟ್ಟು ಸುಮ್ಮನೆ ಟಿಕೆಟ್ಟು ತೆಗೆಸಬಾರದೇ ಎಂದು ನಾನು ಕೇಳಿದೆ. "ರೊಕ್ಕ ಕೊಟ್ರ ಯಾರರ ಹೋಗ್ತಾರ. ಅದರಾಗ ನಮ್ಮ ಶಾಣ್ಯಾತನ ಏನದ?" ಎಂದು ನನ್ನನ್ನೇ ತಿರುಗಿ ಕೇಳಿದ.

ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಪಾಠ ಹೇಳುತ್ತೇನೆಂಬುದೇ ನನ್ನ ತಪ್ಪು. ಆ ಅರ್ಜಿಯನ್ನು ನಾನು ಹನ್ನೊಂದು ಸಲ ಪೂರ್ತಿ ತುಂಬಿದ್ದೇನೆ. ಮಾಮನ ಪ್ಯಾನ್ ನಂಬರು ನನಗೆ ನನ್ನ ಮಗಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿದೆ. ಪ್ರತಿ ಸಲವೂ ಕೊನೆಯ ಗುಂಡಿ ಒತ್ತುವ ಹೊತ್ತಿಗೆ ಮಾಮ ನನ್ನ ಕೈ ಹಿಡಿಯುತ್ತಿದ್ದ. "ತಡಿ. ದೀಪಾವಳಿಗೆ ಏರ್ತದಂತ." ದೀಪಾವಳಿಗೆ ಏರಿತು. "ಈಗ ಏರೇದ ಅಂದ್ರ ಯುಗಾದಿಗೆ ಇನ್ನೂ ಏರ್ತದ." ಯುಗಾದಿಗೆ ಇಳಿಯಿತು. "ಇಳಿದಾಗ ಯಾರರ ಹಾಕ್ತಾರೇನು?" ಏರಿದರೂ ಇಲ್ಲ, ಇಳಿದರೂ ಇಲ್ಲ. ಇಂಥವನಿಗೆ ಏನು ಹೇಳುತ್ತೀರಿ?

ಕಾರ್ಡು ಬರಲಿಲ್ಲ, ಸರಿ. ಆದರೆ ಕಾರ್ಡಿಗಾಗಿ ಮನೆಯ ಖರ್ಚುಗಳೆಲ್ಲ ನಿಂತವು. ಮೂರು ತಿಂಗಳಲ್ಲಿ ದೊಡ್ಡ ಖರ್ಚು ತೋರಿಸಬೇಕಲ್ಲ, ಅದಕ್ಕೆ ಕೂಡಿಡುವುದು! ಜನ ಉಳಿತಾಯ ಕೂಡಿಡುತ್ತಾರೆ, ನಮ್ಮ ಮಾಮ ಖರ್ಚು ಕೂಡಿಟ್ಟ. ಮಿಕ್ಸರು ಕೆಟ್ಟು ಅತ್ತೆ ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟತೊಡಗಿದರು. ಫ್ರಿಜ್ಜಿನ ಬಾಗಿಲಿಗೆ ಹಗ್ಗ ಕಟ್ಟಿದ್ದಾಯಿತು. ಅವನದೇ ದವಡೆಹಲ್ಲು ನೋಯತೊಡಗಿ, ಹಲ್ಲಿನ ಡಾಕ್ಟರು ಬೇರಿನ ತನಕ ಕೊರೆಯಬೇಕು, ಇಷ್ಟು ಖರ್ಚಾಗುತ್ತದೆ ಎಂದಾಗ ಮಾಮನ ಮುಖ ಅರಳಿತು. "ಛಲೋ ಆತು, ಇದನ್ನೂ ಕಾರ್ಡಿಗೆ ಹಾಕಿದ್ರ ಆತು," ಎಂದು ಎದ್ದು ಬಂದ. ಒಂದೂವರೆ ವರ್ಷ ಎಡದವಡೆಯಲ್ಲೇ ರೊಟ್ಟಿ ಅಗಿದ.

ನನ್ನ ತಮ್ಮನ ಮದುವೆಯಲ್ಲಿ ಮಾತ್ರ ಮರ್ಯಾದೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಬಸ್ತಾ ಎಂದರೆ ನಮ್ಮ ಕಡೆ ಅರ್ಧ ಮದುವೆ ಇದ್ದಂತೆ. ಎರಡೂ ಕಡೆಯ ಬೀಗರು ಹಿರಿಯರನ್ನು ಕಟ್ಟಿಕೊಂಡು ಒಂದೇ ಅಂಗಡಿಗೆ ಹೋಗಿ, ಒಂದೇ ಗಾದಿಯ ಮೇಲೆ ಕುಳಿತು ಸೀರೆ, ಬಟ್ಟೆ ಆರಿಸಬೇಕು. ಇಡೀ ಬಸ್ತಾ ತನ್ನ ಕಾರ್ಡಿನಲ್ಲೇ ಆಗಲಿ, ಆಮೇಲೆ ಎಲ್ಲರೂ ತನಗೆ ರೊಕ್ಕ ಕೊಟ್ಟರಾಯಿತು ಎಂಬುದು ಮಾಮನ ಯೋಜನೆ. ಹದಿನೈದು ದಿನದಲ್ಲಿ ರೇಟು ಬರುತ್ತದೆಂದು ನಮ್ಮ ಅವ್ವನಿಗೂ ಹೇಳದೆ ಹೆಣ್ಣಿನವರಿಗೆ ಫೋನು ಮಾಡಿ ಬಸ್ತಾ ಮುಂದೂಡಿಬಿಟ್ಟ!

ಮರುದಿನ ಹೆಣ್ಣಿನ ಕಾಕಾ ಇಬ್ಬರು ಹಿರಿಯರೊಡನೆ ನಮ್ಮ ಪಡಸಾಲೆಯಲ್ಲಿ ಹಾಜರು. ಚಹಾ ಮುಟ್ಟಲಿಲ್ಲ.

"ಹುಡುಗಗ ಏನರ ಐಬ ಅದ ಏನ್ರೀ? ಇದ್ರ ಈಗೇ ಹೇಳಿಬಿಡ್ರಿ," ಎಂದರು.

ಅವ್ವ ಮಾಮನ ಅಕ್ಕ. ಅವತ್ತು ಸಂಜೆ ಅವನ ಮನೆಗೆ ಹೋಗಿ ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, "ನಿನ್ನ ಪಾಯಿಂಟಿಗೆ ಬೆಂಕಿ ಹತ್ಲಿ. ನನ್ನ ಮಗನ ಲಗ್ನ ನಿನ್ನ ರೇಟಿಗೆ ಕಾಯ್ತದೇನು?" ಎಂದು ಬಂದಳು. ಬಸ್ತಾ ಮೊದಲು ಗೊತ್ತುಮಾಡಿದ ದಿನವೇ ನಡೆಯಿತು. ಮಾಮ ಒಂದೂ ಸೀರೆ ನೋಡಲಿಲ್ಲ. ಬಿಲ್ಲು ನೋಡಿ, ನನ್ನ ಕಿವಿಯಲ್ಲಿ, "ಎರಡು ಸೀಟ ಹೋದ್ವು ನೋಡು, ಕಿಡಕಿ ಬಾಜೂದವು," ಎಂದ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು.

ಇನ್ನು ಮೋಮಿನಪುರದ ಟೇಲರ್ ಚಾಚಾ. ಮಾಮನ ಅಂಗಿ ಹೊಲಿಯುವ ಹಳೆಯ ದೋಸ್ತ. ಚಾಚಾ ಹೆಂಡತಿಯನ್ನು ಕರೆದುಕೊಂಡು ವಿಮಾನದಲ್ಲಿ ಮೆಕ್ಕಾಕ್ಕೆ ಹೋಗಿ ಬಂದರು. ಖರ್ಜೂರ ತರಲು ಮಾಮನ ಜೊತೆ ನಾನೂ ಹೋಗಿದ್ದೆ.

"ಯಾವ ಕಾರ್ಡ ಹಚ್ಚಿದ್ರಿ ಚಾಚಾ?"

"ಕಾರ್ಡ್ ಕಾಯ್ಕೂ ಮಾಸ್ತರ್? ಪೈಸೆ ದಿಯಾ, ಟಿಕೆಟ್ ಲಿಯಾ, ಬೈಠಾ, ಗಯಾ."

ಸುಮ್ಮನೆ ರೊಕ್ಕ ಕೊಟ್ಟು ಟಿಕೆಟ್ಟು ತೆಗೆಸಿ ಹೋಗಿಬಂದ ಅವರನ್ನು ಮಾಮ ಅಯ್ಯೋ ಪಾಪ ಎನ್ನುವಂತೆ ನೋಡಿದ. "ಹಂಗಾರ ಕಾರ್ಡಿನವ್ರ ಲೌಂಜಿನ್ಯಾಗ ಬಿಟ್ಟಿರಲಿಕ್ಕಿಲ್ಲ ನಿಮಗ."

"ಲೌಂಜ್ ಮೇ ಕ್ಯಾ ರಹತಾ?"

"ಮೆತ್ತನ್ನ ಕುರ್ಚಿ ಇರ್ತಾವ. ಇಡ್ಲಿ ಇರ್ತದ, ಎಷ್ಟು ತಿಂದ್ರೂ ಪುಕಟ್ಟೆ."

ಚಾಚಾ ಸೂಜಿಗೆ ದಾರ ಪೋಣಿಸುತ್ತ, "ಇಡ್ಲಿ ಖಾನೇ ಕೂ ಏರ್‌ಪೋರ್ಟ್ ಕಾಯ್ಕೂ ಹೋಗ್ತೀರಿ ಮಾಸ್ತರ್? ಇಲ್ಲೇ ಸ್ಟೇಷನ್ ಬಾಜೂಕ ಸಿಗ್ತಾವಲ್ಲ," ಎಂದರು. ಮಾಮ ಖರ್ಜೂರದ ಪೊಟ್ಟಣ ಎತ್ತಿಕೊಂಡು ಎದ್ದ.

ನಗುವುದಕ್ಕೆ ಇವೆಲ್ಲ ಚೆನ್ನಾಗಿವೆ. ಆದರೆ ಭಾನುವಾರಗಳಿದ್ದವಲ್ಲ! ಪ್ರತಿ ಭಾನುವಾರ ಅತ್ತೆ ಡೆಹ್ರಾಡೂನಿಗೆ ಫೋನು ಹಚ್ಚುತ್ತಿದ್ದರು. ಮೊದಲ ವರ್ಷ ಅಕ್ಕ ಊಟ ಮಾಡಿದ್ದು ಮರೆಯುತ್ತಿದ್ದಳು. ಎರಡನೆಯ ವರ್ಷ ಗಂಡ ಸತ್ತದ್ದು ಮರೆತಳು. ಮೂರನೆಯ ವರ್ಷ ಅತ್ತೆಯನ್ನೇ "ಅವ್ವಾ" ಎಂದು ಕರೆಯತೊಡಗಿದಳು. ಒಂದು ಭಾನುವಾರ ನಾನು ಅಲ್ಲೇ ಇದ್ದೆ. ಫೋನಿನಿಂದ, "ನೀ ಯಾರವ್ವಾ? ಯಾರ ಮನಿಯಾಕಿ?" ಎಂದು ಕೇಳಿಸಿತು. ಅತ್ತೆ ತಮ್ಮ ಹೆಸರು ಹೇಳಿದರು. ಮತ್ತೊಮ್ಮೆ ಹೇಳಿದರು. ಆಮೇಲೆ ಫೋನನ್ನು ಸೆರಗಿನಿಂದ ಒರೆಸಿ ಟೇಬಲ್ಲಿನ ಮೇಲಿಟ್ಟು ಒಳಗೆ ಹೋದರು.

"ಮಾಮಾ, ಇನ್ನ ಸಾಕು. ಇವತ್ತ ಗುಂಡಿ ಒತ್ತೂಣು," ಎಂದೆ.

"ಒತ್ತೂಣವ್ವಾ. ನನಗೂ ತಿಳೀತದ. ಈ ಸಲ ಪಕ್ಕಾ," ಎಂದ. ಅವನ ಮುಖ ನೋಡಿದರೆ ಸುಳ್ಳಾಡುತ್ತಿದ್ದಾನೆ ಎನಿಸಲಿಲ್ಲ. ಅದೇ ನನ್ನನ್ನು ಹತಾಶೆಗೆ ತಳ್ಳಿದ್ದು. ಸುಳ್ಳುಗಾರನಾಗಿದ್ದರೆ ಜಗಳವಾಡಬಹುದಿತ್ತು. ಇವನು ನಂಬಿ ಕಾಯುವವನು, ಇವನ ಜೊತೆ ಏನು ಜಗಳ?

ಹೀಗೆ ಕಾಯುತ್ತ ಮಾಮನ ನಿವೃತ್ತಿ ಬಂತು. ತಿಂಗಳ ಕೊನೆಯ ದಿನ ಕಮಲಾಪುರದಲ್ಲಿ ಬೀಳ್ಕೊಡುಗೆ. ಶಾಲು ಹೊದಿಸಿದರು, ಒಂದು ಗೊನೆ ಕೆಂಪು ಬಾಳೆಹಣ್ಣು ಕೊಟ್ಟರು. ಸಹೋದ್ಯೋಗಿಗಳು ಚಂದಾ ಹಾಕಿ ಗಾಲಿ ಇರುವ ದೊಡ್ಡ ಸೂಟ್‌ಕೇಸು ತಂದಿದ್ದರು. "ಮಾಸ್ತರ್ರು ಇನ್ನ ಹಾರೋದೊಂದೇ ಬಾಕಿ," ಎಂದು ಹೆಡ್‌ಮಾಸ್ತರರು ಅಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಫೋನಿನಲ್ಲಿ ಅರ್ಜಿ ತುಂಬಿ ಮುಗಿಸಿ ಅವನ ಪಕ್ಕದಲ್ಲೇ ಕುಳಿತಿದ್ದೆ. ಸಂಬಳದ ಚೀಟಿ ಹಚ್ಚಿ ಆಗಿತ್ತು. ಗುಂಡಿ ಒತ್ತುವುದಷ್ಟೇ ಬಾಕಿ. ಮಾಮ ನನ್ನ ಕೈ ಹಿಡಿದ.

"ತಡಿ. ನಾಳೆ ಒಂದನೇ ತಾರೀಕಿಗೆ ಏರ್ತದಂತ. ಒಂದೇ ದಿನ."

ಏರಿತು! ನಾಲ್ಕು ವರ್ಷದಲ್ಲಿ ಎಂದೂ ಇಲ್ಲದಷ್ಟು ಏರಿತು. ಮರುದಿನ ಬೆಳಿಗ್ಗೆ ಮಾಮ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ತಾನೇ ಗುಂಡಿ ಒತ್ತಲು ಕುಳಿತ. ಉದ್ಯೋಗ ಎಂಬಲ್ಲಿ ನಾನು ತುಂಬಿದ್ದ 'ಶಿಕ್ಷಕ' ಎಂಬುದನ್ನು ಅಳಿಸಿ 'ನಿವೃತ್ತ' ಎಂದು ಬರೆದ. ಜೀವನದಲ್ಲಿ ಒಂದು ಸುಳ್ಳು ಲೆಕ್ಕ ಬರೆಯದ ಮಾಸ್ತರ. ಎರಡೇ ದಿನದಲ್ಲಿ ಅರ್ಜಿ ತಿರಸ್ಕಾರವಾಯಿತು. ಸಂಬಳ ನಿಂತಿದೆ, ಪಿಂಚಣಿ ಇನ್ನೂ ಶುರುವಾಗಿಲ್ಲ, ಅಂಥವರಿಗೆ ಕೊಡುವುದಿಲ್ಲ ಎಂದು ಫೋನಿನಲ್ಲಿ ಹೇಳಿದ ಹುಡುಗಿ ಮರ್ಯಾದೆಯವಳು. "ಒಂದೇ ದಿನ ಮೊದ್ಲು ಹಾಕಿದ್ರೆ ಆಗ್ತಿತ್ತು ಸರ್," ಎಂದಳು.

ಆ ಭಾನುವಾರ ಅತ್ತೆ ಡೆಹ್ರಾಡೂನಿಗೆ ಫೋನೇ ಮಾಡಲಿಲ್ಲ. ಸೋಮವಾರ ಮಾಮ ಬಸ್‌ಸ್ಟ್ಯಾಂಡಿನ ಹತ್ತಿರದ ಏಜೆಂಟನ ಬಳಿ ಹೋಗಿ, ಹೇಳಿದಷ್ಟು ರೊಕ್ಕ ಎಣಿಸಿ ಕೊಟ್ಟು, ಹೈದರಾಬಾದಿನಿಂದ ಎರಡು ಟಿಕೆಟ್ಟು ತೆಗೆಸಿಕೊಂಡು ಬಂದ. ಹಿಂದಿನ ಸಾಲಿನವು.

ಹತ್ತು ದಿನಕ್ಕೆಂದು ಹೋದವರು ತಿಂಗಳಾದರೂ ಬರಲಿಲ್ಲ. ಮೊನ್ನೆ ಅತ್ತೆಯೇ ವಿಡಿಯೊ ಕಾಲ್ ಮಾಡಿ, ಮಾತಾಡುತ್ತ ಫೋನನ್ನು ಅಂಗಳದ ಕಟ್ಟೆಗೆ ಆನಿಸಿಟ್ಟರು. ಬಿಸಿಲಲ್ಲಿ ಹಾಕಿದ ಹೊರಸಿನ ಮೇಲೆ ಅಕ್ಕ ಕುಳಿತಿದ್ದಳು. ಪಕ್ಕದಲ್ಲಿ ಅತ್ತೆ ಅವಳ ಜಡೆ ಹೆಣೆಯತೊಡಗಿದರು. ಎದುರಿಗೆ ಸಣ್ಣ ಮಣೆಯ ಮೇಲೆ ನಮ್ಮ ಮಾಮ.

"ಇಕಿ ಯಾರು?" ಎಂದಳು ಅಕ್ಕ.

"ಇಕಿ ನಿಮ್ಮ ತಂಗಿ ರೀ," ಎಂದ ಮಾಮ. "ಮಹಾಗಾಂವದಾಕಿ. ನಿಮಗಿಂತ ಒಂಬತ್ತ ವರ್ಷ ಸಣ್ಣಾಕಿ. ನಿಮ್ಮ ಟೊಂಕದ ಮ್ಯಾಲೆ ಕುಂತು ಬೆಳದಾಳ. ನಾನು ಇಕಿ ಗಂಡ."

"ಇಷ್ಟ ದಿನಾ ಯಾಕ ಬರ್ಲಿಲ್ಲ?"

"ಆಕಿ ಬರ್ತೀನಂತ ನಾಕ ವರ್ಷದಿಂದ ಅಂತಿದ್ಲು ರೀ. ನಾನೇ ತಡಾ ಮಾಡ್ದೆ. ನಂದು ತಪ್ಪಾತು."

ಅಕ್ಕ ಅವನ ಮುಖವನ್ನೇ ನೋಡಿದಳು. "ಇರ್ಲಿ ಬಿಡಪಾ. ಬಂದ್ರಲ್ಲ," ಎಂದು ತಂಗಿಯ ಕೈ ಹಿಡಿದುಕೊಂಡಳು.

ದಿನಕ್ಕೆ ಎಷ್ಟು ಸಲ ಹೀಗೆ ಎಂದು ಅತ್ತೆಯನ್ನು ಕೇಳಿದೆ. "ಲೆಕ್ಕ ಇಟ್ಟಿಲ್ಲವ್ವಾ. ನನಗರ ಒಮ್ಮೊಮ್ಮೆ ಬ್ಯಾಸರ ಆಗ್ತದ. ಇವರು ಬಿಡೂದಿಲ್ಲ, ಪ್ರತಿ ಸಲ ಮೊದಲಿಂದ ಹೇಳ್ತಾರ," ಎಂದರು. ನಾಲ್ಕು ವರ್ಷ ಶಪಿಸಿದ ಮನುಷ್ಯನನ್ನು ನೋಡಿ ನನಗೆ ಅಳು ಬಂತು.

ಜಡೆ ಮುಗಿಯುವಷ್ಟರಲ್ಲಿ ಅಕ್ಕ ಕೈ ಬಿಟ್ಟು, ಅತ್ತೆಯ ಕಡೆ ತಿರುಗಿ, "ಇಕಿ ಯಾರು?" ಎಂದಳು. ಮಾಮ ಮಣೆಯನ್ನು ಹೊರಸಿನ ಹತ್ತಿರಕ್ಕೆ ಎಳೆದುಕೊಂಡು, "ಇಕಿ ನಿಮ್ಮ ತಂಗಿ ರೀ, ಮಹಾಗಾಂವದಾಕಿ," ಎಂದು ಮತ್ತೆ ಶುರುಮಾಡಿದ. ತಾನೇ ತಡ ಮಾಡಿದೆ ಎಂಬ ಮಾತನ್ನು ಈ ಸಲವೂ ಬಿಡಲಿಲ್ಲ.