ರೈಟ್ ಎಂದರೆ ಯಾವ ಕಡೆಗೆ?

ಇಂಗ್ಲಿಷ್ ಬಾರದೆ ಕೆಟ್ಟವರನ್ನು ನೀವು ಬೇಕಾದಷ್ಟು ಕಂಡಿರಬಹುದು. ನಾನು ಕೆಟ್ಟದ್ದು ಒಂದೇ ಒಂದು ಇಂಗ್ಲಿಷ್ ಶಬ್ದವನ್ನು ಅಗತ್ಯಕ್ಕಿಂತ ಚೆನ್ನಾಗಿ ಕಲಿತದ್ದರಿಂದ. ಆ ಶಬ್ದ 'ರೈಟ್'. ನಮ್ಮ ಶಾಲೆಯಲ್ಲಿ ಅದಕ್ಕೆ 'ಸರಿ', 'ಬಲಗಡೆ' ಎಂದು ಎರಡು ಅರ್ಥ ಹೇಳಿಕೊಟ್ಟಿದ್ದರು. ಮೂರನೆಯದನ್ನು ಹೇಳಿಕೊಟ್ಟವರು ಸುಂದರ ಮಾವ.

ಎಂಬತ್ತರ ದಶಕದ ಆರಂಭ, ನನಗೆ ಹದಿನೆಂಟು ತುಂಬಿತ್ತು. ಕಾಪುವಿನಲ್ಲಿ ಜವುಳಿ ಅಂಗಡಿ ಇಟ್ಟಿದ್ದ ಅಪ್ಪನಿಗೆ ಕಣ್ಣು ಮಂಜಾಗಿ, ಅವರ ಬೂದು ಬಣ್ಣದ ಫಿಯೆಟ್ ಶೆಡ್ಡು ಸೇರಿತ್ತು. "ಓಡಿಸುವವರಿಲ್ಲದ ಕಾರು ಎಂತಕ್ಕೆ? ಕಾರ್ಕಳದ ಡಾಕ್ಟ್ರು ಕೇಳ್ತಾ ಇದ್ದಾರೆ, ಕೊಟ್ಟುಬಿಡುವ" ಎಂದರು. ನಾನು ಓಡಿಸುತ್ತೇನೆಂದೆ. ಅಪ್ಪ ನಕ್ಕರು. ನಾನು ಊಟ ಬಿಟ್ಟೆ. ಒಂದೇ ಹೊತ್ತು ಬಿಟ್ಟದ್ದು, ಅದೂ ಮೀನಿಲ್ಲದ ದಿನ ನೋಡಿಕೊಂಡು. ಆದರೂ ಅಪ್ಪ ಸೋತು, "ಆಯ್ತು, ಲೈಸೆನ್ಸ್ ಮಾಡಿಸು. ಎರಡು ಸಲ ಫೇಲಾದರೆ ಮಾತ್ರ ಕಾರು ಕಾರ್ಕಳಕ್ಕೆ" ಎಂದು ಷರತ್ತು ಹಾಕಿದರು.

ಕಲಿಯುವವರ ಲೈಸೆನ್ಸು ಸುಲಭವಾಗಿಯೇ ಸಿಕ್ಕಿತು. ಕಾರಿನ ಹಿಂದೆ ಮುಂದೆ ಕೆಂಪು 'ಎಲ್' ತೂಗಿತು. ನೆರೆಮನೆಯ ಫೆಲಿಕ್ಸ್ ಮಾಸ್ಟ್ರು ಅದನ್ನು ನೋಡಿ, "ಎಂತ ಲೀಲಾ, ಈಗಲೇ ನಿನ್ನ ಹೆಸರು ಬರೆಸಿಬಿಟ್ಟೆಯಾ?" ಎಂದು ಕೇಳಿದರು. ಕಲಿಸಲು ಬಂದವರು ಅಮ್ಮನ ತಮ್ಮ ಸುಂದರ ಮಾವ. ಪಡುಬಿದ್ರಿಯಿಂದ ಉಡುಪಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಪಕ್ಕದಲ್ಲಿ ಕೂತು, ಕೈ ಹೊರಗೆ ಹಾಕಿ, ಬಾಗಿಲಿಗೆ ಬಡಿಯುತ್ತಾ ಕಂಡಕ್ಟರನಂತೆಯೇ ಕಲಿಸಿದರು. 'ರೈಟ್, ಪೋಯಿ' ಎಂದರೆ ಹೊರಡುವುದು. 'ರೈಟ್ ರೈಟ್' ಎಂದರೆ ಹಿಂದಿನಿಂದ ಬೇರೆ ಬಸ್ಸು ಬರುತ್ತಾ ಉಂಟು, ಬೇಗ ಹೋಗು. 'ಹೋಲ್ಡ್' ಎಂದರೆ ನಿಲ್ಲಿಸುವುದು. ಲೈಟ್‌ಹೌಸಿನ ರಸ್ತೆಯಲ್ಲಿ ತಿಂಗಳೊಪ್ಪತ್ತು ಹೀಗೆ ಕಲಿತು, ನಾನು ಪರೀಕ್ಷೆಗೆ ತಯಾರಾದೆ.

ಪರೀಕ್ಷೆ ಮಣಿಪಾಲದ ಕಡೆಯ ರಸ್ತೆಯಲ್ಲಿ. ಪರೀಕ್ಷೆ ಮಾಡುವ ಆರ್‌ಟಿಒ ಇನ್‌ಸ್ಪೆಕ್ಟರರು ಜೀಪಿನಲ್ಲೇ ಓಡಾಡುವವರು, ಬಸ್ಸಿನ ಭಾಷೆ ಅವರಿಗೆ ಹೇಗೆ ಗೊತ್ತಾಗಬೇಕು? ಕವಲಿನಲ್ಲಿ "ರೈಟ್" ಎಂದರು. ನಾನು ಸೀದಾ ಹೋದೆ. "ರೈಟ್, ರೈಟ್!" ಎಂದರು. ಹಿಂದೆ ಬಸ್ಸು ಬರುತ್ತಿರಬೇಕೆಂದು ವೇಗ ಹೆಚ್ಚಿಸಿದೆ. ಕೊನೆಗೆ "ಸ್ಟಾಪ್!" ಎಂದು ಬೊಬ್ಬೆ ಹೊಡೆದರು. ನನಗೆ ಗೊತ್ತಿದ್ದ ಸ್ಟಾಪು ಬಸ್‌ಸ್ಟಾಪು ಒಂದೇ. ಅದು ಎಲ್ಲಿದೆಯೆಂದು ಹುಡುಕಿ, ಒಂದು ಫರ್ಲಾಂಗು ಮುಂದೆ ಚೆಂದವಾಗಿ ನಿಲ್ಲಿಸಿದೆ. ಬುಟ್ಟಿ ಹಿಡಿದ ಅಜ್ಜಿಯೊಬ್ಬರು ಹಿಂದಿನ ಬಾಗಿಲು ತೆಗೆದು, "ಕಾರ್ಕಳಕ್ಕಾ ಮಗಾ?" ಎಂದು ಕೇಳಿದರು. ಇನ್‌ಸ್ಪೆಕ್ಟರರು ಇಳಿದು, ನಡೆದುಕೊಂಡೇ ಹೋದರು.

ಇನ್ನು ಉಳಿದದ್ದು ಒಂದೇ ಸಲ. ಫೆಲಿಕ್ಸ್ ಮಾಸ್ಟ್ರು ನನ್ನ ಹೊಣೆ ಹೊತ್ತರು. "ರೈಟ್ ಅಂದ್ರೆ ಊಟದ ಕೈ. ಬೇರೆ ಅರ್ಥವೇ ಇಲ್ಲ, ಮರೆತುಬಿಡು" ಎಂದು ದಿನಕ್ಕೆ ನೂರು ಸಲ ಹೇಳಿಸಿದರು. ಮನೆಯಲ್ಲಿ ಯಾರಾದರೂ ರೈಟ್ ಎಂದರೆ ಸಾಕು, ಅನ್ನ ಬಡಿಸುತ್ತಿದ್ದವಳು ಪಾತ್ರೆಸಮೇತ ಬಲಕ್ಕೆ ತಿರುಗುತ್ತಿದ್ದೆ. ಅಷ್ಟು ಶ್ರದ್ಧೆಯಿಂದ ದೇವರ ನಾಮ ಹೇಳಿದ್ದರೆ ಮೋಕ್ಷವೇ ಸಿಗುತ್ತಿತ್ತು.

ಎರಡನೆಯ ಪರೀಕ್ಷೆಯಲ್ಲಿ ಒಂದೇ ಒಂದು ತಪ್ಪಾಗಲಿಲ್ಲ. ಏರಿನಲ್ಲಿ ನಿಲ್ಲಿಸಿ ಹೊರಡಿಸಿದೆ, ಹಿಂದಕ್ಕೆ ತೆಗೆದೆ, ಕೈಸನ್ನೆ ತೋರಿಸಿದೆ. ರೈಟ್ ಎಂದಾಗಲೆಲ್ಲ ಬಲಕ್ಕೆ ತಿರುಗಿದೆ. ಇನ್‌ಸ್ಪೆಕ್ಟರರ ಮುಖದಲ್ಲಿ ನಗು ಕಾಣಿಸಿತು. ಪುಸ್ತಕ ಮಡಚಿ, ಪೆನ್ನು ಕಿಸೆಗೆ ಸಿಕ್ಕಿಸಿ, ಸಂತೋಷದಿಂದ ಹೇಳಿದರು: "ರೈಟ್, ಇನ್ನು ಹೋಗುವ."

ನಾನು ಬಲಕ್ಕೆ ತಿರುಗಿಸಿದೆ. ಬಲಗಡೆ ರಸ್ತೆ ಇರಲಿಲ್ಲ, ಗದ್ದೆ ಇತ್ತು. ನೇಜಿ ನೆಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿ ನೋಡಿದರು. ಕೆಸರಿನಲ್ಲಿ ಒಂದು ಬೂಟು ಹುಡುಕುತ್ತಿದ್ದ ಇನ್‌ಸ್ಪೆಕ್ಟರರಿಗೆ ನಾನು ಹೇಳಿದ್ದು ಇಷ್ಟೇ: "ಕೈ ತೋರಿಸಿಯೇ ತಿರುಗಿಸಿದ್ದು ಸರ್."

ಕಾರು ಕಾರ್ಕಳಕ್ಕೆ ಹೋಯಿತು. ಅದು ಗೇಟು ದಾಟುವಾಗ ನಾನು ನಿಜವಾಗಿಯೂ ಅತ್ತೆ. ಎರಡು ವರ್ಷ ಕಳೆದು ಅದೇ ಡಾಕ್ಟರು ತಮ್ಮ ಮಗನೊಂದಿಗೆ ನನ್ನನ್ನು ನೋಡಲು ಬಂದರು, ಅದೇ ಕಾರಿನಲ್ಲಿ. ಕಾಫಿ ಕೊಡುವಾಗ ನಾನು ಹುಡುಗನ ಕಡೆ ಕಣ್ಣೆತ್ತಲಿಲ್ಲ. ಎಷ್ಟು ನಾಚಿಕೆಯ ಹುಡುಗಿ ಎಂದು ಎಲ್ಲರೂ ಮೆಚ್ಚಿದರು. ನಾನು ಕಿಟಕಿಯಿಂದ ಕಾರು ನೋಡುತ್ತಿದ್ದೆ. ಒಪ್ಪಿಗೆಯಾ ಎಂದು ಅಮ್ಮ ಕೇಳಿದಾಗ, "ಬಣ್ಣ ಸ್ವಲ್ಪ ಮಾಸಿದೆ, ಆದರೂ ಒಪ್ಪಿಗೆ" ಎಂದೆ. ಪಾಪ, ಹುಡುಗ ಬೆಳ್ಳಗೇ ಇದ್ದರು.

ಮದುವೆಯ ನಂತರ ಹೊಸದಾಗಿ 'ಎಲ್' ತೂಗಿಸಿ, ಮೂರನೆಯ ಸಲದ ಪರೀಕ್ಷೆಯಲ್ಲಿ ಲೈಸೆನ್ಸು ಪಡೆದೆ. ನಮ್ಮ ಗಂಡ ಹೆಂಡಿರ ಜಗಳಗಳೆಲ್ಲ ಆಗುವುದು ನಾನು ಕಾರು ಓಡಿಸುವಾಗಲೇ, ತಪ್ಪು ಹೆಚ್ಚಾಗಿ ಅವರದೇ. ಆದರೆ ನಾನೆಷ್ಟು ನ್ಯಾಯವಾಗಿ ವಾದಿಸಿದರೂ, ಮನೆ ಮುಟ್ಟಿ ಎಂಜಿನ್ ನಿಲ್ಲುವವರೆಗೆ 'ನೀನು ಹೇಳಿದ್ದು ರೈಟ್' ಎಂದು ಅವರು ಒಮ್ಮೆಯೂ ಹೇಳಿದವರಲ್ಲ. ಒಪ್ಪಿಕೊಳ್ಳಲಿಕ್ಕೆ ಎಂತ ಕಷ್ಟ ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಬಲಗಡೆ ಗದ್ದೆ ಉಂಟು ಮಾರಾಯ್ತಿ" ಎಂದರು.